ಹೊಣೆ ಮತ್ತು ಸಾಲ: ವಿಮ್ ಕೋಕ್ ಅವರ 2002ರ ರಾಜೀನಾಮೆಯ ಒಂದು ಪ್ರಕರಣ ಅಧ್ಯಯನ

2002ರ ಏಪ್ರಿಲ್ 16ರಂದು ನೆದರ್ಲೆಂಡ್ಸ್‌ನ ಪ್ರಧಾನಿ ವಿಮ್ ಕೋಕ್ ತಮ್ಮ ಇಡೀ ಸಂಪುಟದ ರಾಜೀನಾಮೆಯನ್ನು ರಾಣಿ ಬಿಯಾಟ್ರಿಕ್ಸ್ ಅವರಿಗೆ ಸಲ್ಲಿಸಿದರು. ಹಣದ ಹಗರಣವಾಗಲಿ, ಮಿತ್ರಪಕ್ಷಗಳ ಮುನಿಸಾಗಲಿ, ಸಂಸತ್ತಿನಲ್ಲಿ ಬಹುಮತದ ಕೊರತೆಯಾಗಲಿ ಇದಕ್ಕೆ ಕಾರಣವಾಗಿರಲಿಲ್ಲ. ಸುಮಾರು ಏಳು ವರ್ಷಗಳ ಹಿಂದೆ, 1995ರ ಜುಲೈನಲ್ಲಿ, ಬೋಸ್ನಿಯಾದ ಸ್ರೆಬ್ರೆನಿತ್ಸಾ ಎಂಬ ಪಟ್ಟಣವು ವಿಶ್ವಸಂಸ್ಥೆಯ ಪರವಾಗಿ ಡಚ್ ಸೈನಿಕರ ಕಾವಲಿನಲ್ಲಿದ್ದಾಗಲೇ ಬೋಸ್ನಿಯನ್ ಸರ್ಬ್ ಪಡೆಗಳ ವಶವಾಗಿ, 8,000ದಷ್ಟು ಮುಸ್ಲಿಂ ಗಂಡಸರೂ ಹುಡುಗರೂ ಕೊಲೆಯಾಗಿದ್ದರು. ಆ ಘಟನೆಯ ರಾಜಕೀಯ ಹೊಣೆಯನ್ನು ತಾವು ಹೊರುವುದಾಗಿ ಕೋಕ್ ಹೇಳಿದರು. ಸಾರ್ವತ್ರಿಕ ಚುನಾವಣೆಗೆ ಆಗ ಉಳಿದಿದ್ದದ್ದು 29 ದಿನ. ತಾವು ಮತ್ತೆ ಸ್ಪರ್ಧಿಸುವುದಿಲ್ಲವೆಂದು ಅವರು ಹಿಂದಿನ ಆಗಸ್ಟಿನಲ್ಲೇ ತಿಳಿಸಿಯೂ ಆಗಿತ್ತು.

‘ನೈತಿಕ ಹೊಣೆ ಹೊತ್ತು ರಾಜೀನಾಮೆ’ ಎಂಬುದು ನಮ್ಮ ಪತ್ರಿಕೆಗಳಲ್ಲಿ ಬಳಸಿ ಬಳಸಿ ಸವೆದ ಮಾತು. ಆದರೆ ಅದರೊಳಗಿನ ‘ಹೊಣೆ’ ಎಂಬ ಪದದ ಹಳೆಯ ಅರ್ಥ ಜಾಮೀನು. ಇನ್ನೊಬ್ಬನ ಸಾಲಕ್ಕೆ ಹೊಣೆಯಾಗಿ ನಿಂತವನು ತಾನು ಹಣ ಪಡೆದವನಲ್ಲ. ಸಾಲಗಾರ ಕೈಗೆ ಸಿಗದೆ ಹೋದಾಗ ಸಾಲ ಕೊಟ್ಟವನು ಬಂದು ನಿಲ್ಲುವುದು ಮಾತ್ರ ಇವನ ಬಾಗಿಲಿಗೆ. ಡಚ್ ಭಾಷೆಯಲ್ಲಿ ತಪ್ಪಿಗೂ ಸಾಲಕ್ಕೂ ‘ಸ್ಖುಲ್ಟ್’ ಎಂಬ ಒಂದೇ ಪದವಿದೆ. ಹೊಣೆ ನಮ್ಮದು, ‘ಸ್ಖುಲ್ಟ್’ ನಮ್ಮದಲ್ಲ ಎಂಬುದು ಆ ದಿನ ಕೋಕ್ ತಳೆದ ನಿಲುವಿನ ತಿರುಳು. ಈ ಪ್ರಕರಣವನ್ನು ಬಗೆದು ನೋಡುವವರು ಕೇಳಬೇಕಾದ ಪ್ರಶ್ನೆಯೂ ಅಲ್ಲಿಯೇ ಇದೆ: ಕೋಕ್ ಮತ್ತು ಅವರ ದೇಶ ಬರಿಯ ಜಾಮೀನುದಾರರೋ, ಅಥವಾ ಸಾಲದಲ್ಲಿ ಅವರದೂ ಒಂದು ಪಾಲಿತ್ತೋ? ಉತ್ತರಕ್ಕೆ ಆ ಮನುಷ್ಯನ ರಾಜಕೀಯ ಬದುಕನ್ನು ಸ್ವಲ್ಪ ಹಿಂದಿನಿಂದ ನೋಡಬೇಕಾಗುತ್ತದೆ, ಏಕೆಂದರೆ ಇತರರ ಪರವಾಗಿ ಮಾತು ಕೊಟ್ಟು, ಆ ಮಾತಿನ ಬೆಲೆಯನ್ನು ತಾನು ತೆರುವುದು ಅವರು ಬಹಳ ಕಾಲ ಮಾಡಿಕೊಂಡು ಬಂದ ಕೆಲಸವೇ ಆಗಿತ್ತು.

ಮಾತುಕತೆಯ ಮನುಷ್ಯ

ಕೋಕ್ ಹುಟ್ಟಿದ್ದು 1938ರ ಸೆಪ್ಟೆಂಬರ್ 29ರಂದು, ದಕ್ಷಿಣ ಹಾಲೆಂಡ್ ಪ್ರಾಂತದ ಬೆರ್ಗಂಬಾಖ್ಟ್ ಎಂಬ ಊರಿನಲ್ಲಿ. ತಂದೆ ಬಡಗಿ. ಮಗ ಓದಿದ್ದು ನೈಯೆನ್‌ರೋಡೆಯ ವ್ಯಾಪಾರ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಕಂಪನಿಗಳ ಮುಂದಿನ ವ್ಯವಸ್ಥಾಪಕರು ತಯಾರಾಗುವ ಜಾಗದಲ್ಲಿ. ಅಲ್ಲಿಂದ ಹೊರಬಿದ್ದವರು ಸೇರಿದ್ದು ಮಾತ್ರ ಕಾರ್ಮಿಕ ಸಂಘಟನೆಯನ್ನು. 1961ರಲ್ಲಿ ಸಮಾಜವಾದಿ ಒಲವಿನ ಎನ್‌ವಿವಿ ಒಕ್ಕೂಟದಲ್ಲಿ ಕೆಲಸ ಆರಂಭಿಸಿ 1973ರಲ್ಲಿ ಅದರ ಅಧ್ಯಕ್ಷರಾದರು. ಈ ಒಕ್ಕೂಟವೂ ಕ್ಯಾಥೊಲಿಕ್ ಕಾರ್ಮಿಕರ ಒಕ್ಕೂಟವೂ 1976ರಲ್ಲಿ ಎಫ್‌ಎನ್‌ವಿ ಎಂಬ ಹೆಸರಿನಡಿ ಒಂದುಗೂಡಿದಾಗ ಅದರ ಅಧ್ಯಕ್ಷತೆ ಅವರಿಗೇ ಬಂತು. 1985ರವರೆಗೆ ಅಲ್ಲಿಯೇ ಇದ್ದರು. ಎದುರಾಳಿಯ ಲೆಕ್ಕದ ಪುಸ್ತಕವನ್ನು ಎದುರಾಳಿಯಷ್ಟೇ ಚೆನ್ನಾಗಿ ಓದಬಲ್ಲ ಕಾರ್ಮಿಕ ನಾಯಕ ಎಂಬ ಹೆಸರು ಅವರಿಗೆ ಅಂಟಿಕೊಂಡಿದ್ದು ಈ ಹಿನ್ನೆಲೆಯಿಂದ.

ಅವರ ಆ ಕಾಲದ ದೊಡ್ಡ ಕೆಲಸ 1982ರ ನವೆಂಬರ್‌ನ ವಾಸೆನಾರ್ ಒಪ್ಪಂದ. ನಿರುದ್ಯೋಗ ಏರುತ್ತಿತ್ತು, ಹೊಸದಾಗಿ ಅಧಿಕಾರಕ್ಕೆ ಬಂದಿದ್ದ ರೂಡ್ ಲುಬ್ಬರ್ಸ್ ಸರ್ಕಾರ ಕಾನೂನಿನ ಮೂಲಕವೇ ವೇತನ ಹೆಚ್ಚಳವನ್ನು ತಡೆಯುವ ಸೂಚನೆ ಕೊಟ್ಟಿತ್ತು. ಮಾಲೀಕರ ಸಂಘದ ಅಧ್ಯಕ್ಷ ಕ್ರಿಸ್ ಫಾನ್ ಫೇನ್ ಅವರ ವಾಸೆನಾರ್‌ನ ಮನೆಯಲ್ಲಿ ಕುಳಿತು ಕೋಕ್ ಮತ್ತು ಫಾನ್ ಫೇನ್ ಮಾಡಿಕೊಂಡ ಒಪ್ಪಂದ ಒಂದೆರಡು ಪುಟಗಳದ್ದು. ನಮ್ಮ ತುಟ್ಟಿಭತ್ಯೆಯಂತೆ ಬೆಲೆಯೇರಿಕೆಗೆ ತಕ್ಕಂತೆ ತಾನಾಗಿಯೇ ಏರುತ್ತಿದ್ದ ವೇತನದ ಪಟ್ಟನ್ನು ಕಾರ್ಮಿಕರು ಸಡಿಲಿಸಬೇಕು; ಮಾಲೀಕರು ಪ್ರತಿಯಾಗಿ ಕೆಲಸದ ಅವಧಿಯನ್ನು ಕಡಿಮೆ ಮಾಡಿ ಇರುವ ಕೆಲಸವನ್ನು ಹೆಚ್ಚು ಜನಕ್ಕೆ ಹಂಚಲು ಒಪ್ಪಬೇಕು. ಮುಂದೆ ‘ಪೋಲ್ಡರ್ ಮಾದರಿ’ ಎಂದು ಹೊರದೇಶಗಳಲ್ಲಿ ಹೊಗಳಿಸಿಕೊಂಡ ಡಚ್ ಸಮಾಲೋಚನಾ ಪದ್ಧತಿಗೆ ಉದಾಹರಣೆಯಾಗಿ ಎಲ್ಲರೂ ಎತ್ತಿಕೊಳ್ಳುವುದು ಇದನ್ನೇ. ಕಡಲನ್ನು ತಡೆದು ಒಣಗಿಸಿದ ನೆಲಕ್ಕೆ ಪೋಲ್ಡರ್ ಎನ್ನುತ್ತಾರೆ. ಒಬ್ಬನ ಹೊಲದ ಕಟ್ಟೆ ಒಡೆದರೆ ಎಲ್ಲರ ಹೊಲವೂ ಮುಳುಗುವ ಜಾಗದಲ್ಲಿ ಜಗಳಗಂಟರೂ ಒಂದೇ ಮೇಜಿಗೆ ಬರಬೇಕಾಗುತ್ತದೆ ಎಂಬುದು ಆ ಹೆಸರಿನ ಹಿಂದಿನ ತರ್ಕ.

1986ರಲ್ಲಿ ಸಂಸತ್ತಿಗೆ ಬಂದ ಕೋಕ್, ಅದೇ ವರ್ಷ ಯೋಪ್ ಡೆನ್ ಔಲ್ ಅವರ ನಂತರ ಲೇಬರ್ ಪಕ್ಷದ ನಾಯಕರಾದರು. ಡೆನ್ ಔಲ್ ಸಭೆಯನ್ನು ಉರಿಸಬಲ್ಲ ಮಾತುಗಾರ. ಕೋಕ್ ಅವರದು ತೂಗಿ ಅಳೆದು ಆಡುವ ಮಾತು. 1989ರಲ್ಲಿ ಲುಬ್ಬರ್ಸ್ ಅವರ ಮೂರನೇ ಸಂಪುಟದಲ್ಲಿ ಉಪಪ್ರಧಾನಿಯೂ ಹಣಕಾಸು ಸಚಿವರೂ ಆದರು. 1991ರ ಬೇಸಿಗೆಯಲ್ಲಿ ಆ ಸರ್ಕಾರ ಅಂಗವೈಕಲ್ಯ ಪಿಂಚಣಿಯನ್ನು ಕಡಿತಗೊಳಿಸಲು ತೀರ್ಮಾನಿಸಿತು. ಪಿಂಚಣಿ ಪಡೆಯುವವರ ಸಂಖ್ಯೆ 10 ಲಕ್ಷದತ್ತ ಸಾಗುತ್ತಿದ್ದುದು ನಿಜ. ಆದರೆ ಕಾರ್ಮಿಕ ಸಂಘಟನೆಯ ಮಾಜಿ ಅಧ್ಯಕ್ಷನೇ ಆ ಕಡಿತಕ್ಕೆ ಕೈಜೋಡಿಸಿದ್ದು ಅವರ ಜನಕ್ಕೆ ಸಹಿಸಲಾಗಲಿಲ್ಲ. ಸೆಪ್ಟೆಂಬರ್ 17ರಂದು ಹೇಗ್ ನಗರದಲ್ಲಿ ಸೇರಿದ ಪ್ರತಿಭಟನಾಕಾರರು ಸುಮಾರು 2.5 ಲಕ್ಷ, ಪಕ್ಷ ಬಿಟ್ಟವರು ಹತ್ತಾರು ಸಾವಿರ. ಕೋಕ್ ನಾಯಕತ್ವ ತೊರೆಯುವ ಅಂಚಿಗೆ ಬಂದು, ಪಕ್ಷದ ವಿಶೇಷ ಅಧಿವೇಶನದಲ್ಲಿ ವಿಶ್ವಾಸ ಕೇಳಿ ಪಡೆದು ಉಳಿದರು.

ಮುಂದಿನ ಹಂತವನ್ನು ಬೇಗ ಹೇಳಿ ಮುಗಿಸಬಹುದು. 1994ರ ಚುನಾವಣೆಯಲ್ಲಿ ಲೇಬರ್ ಪಕ್ಷ 12 ಸ್ಥಾನ ಕಳೆದುಕೊಂಡು 37ಕ್ಕೆ ಇಳಿಯಿತು. ಕ್ರಿಶ್ಚಿಯನ್ ಡೆಮಾಕ್ರಟರು 20 ಕಳೆದುಕೊಂಡು 34ಕ್ಕೆ ಕುಸಿದದ್ದರಿಂದ ಸೋತವರಲ್ಲಿ ಕಡಿಮೆ ಸೋತವರು ಮೊದಲ ಸ್ಥಾನಕ್ಕೆ ಬಂದರು. ಲೇಬರ್ ಪಕ್ಷದ ಕೆಂಪು, ಉದಾರವಾದಿಗಳ ನೀಲಿ ಕಲೆತ ‘ನೇರಳೆ ಸಂಪುಟ’ ಆ ಆಗಸ್ಟ್ 22ರಂದು ಅಧಿಕಾರ ವಹಿಸಿಕೊಂಡಿತು. 1918ರ ನಂತರ ಕ್ರೈಸ್ತ ಪಕ್ಷಗಳಿಲ್ಲದೆ ರಚನೆಯಾದ ಮೊದಲ ಸರ್ಕಾರ ಅದು. ಉದ್ಯೋಗ ಬೆಳೆಯಿತು, ಖಜಾನೆ ಸುಧಾರಿಸಿತು, 1998ರಲ್ಲಿ ಲೇಬರ್ ಪಕ್ಷ 45 ಸ್ಥಾನಕ್ಕೇರಿತು. ಸಲಿಂಗಿಗಳ ವಿವಾಹಕ್ಕೆ ಕಾನೂನು ಮಾನ್ಯತೆ ಕೊಟ್ಟ ಮೊದಲ ದೇಶವಾಗಿ 2001ರ ಏಪ್ರಿಲ್‌ನಲ್ಲಿ ನೆದರ್ಲೆಂಡ್ಸ್ ಹೆಸರು ಮಾಡಿದ್ದು ಈ ಸಂಪುಟದ ಕಾಲದಲ್ಲೇ. 1999ರ ಮೇ ತಿಂಗಳಲ್ಲಿ ಜನಮತಗಣನೆಯ ಮಸೂದೆ ಮೇಲ್ಮನೆಯಲ್ಲಿ ಬಿದ್ದಾಗ ಸಂಪುಟ ಒಮ್ಮೆ ರಾಜೀನಾಮೆ ಕೊಟ್ಟು, ಕೆಲವು ವಾರಗಳಲ್ಲೇ ಒಡಕನ್ನು ಬೆಸೆದುಕೊಂಡು ಮರಳಿತ್ತು. ಈ ಎಂಟು ವರ್ಷಗಳ ಯಶಸ್ಸಿನ ಅಡಿಯಲ್ಲಿ ಸ್ರೆಬ್ರೆನಿತ್ಸಾ ಎಂಬ ತೀರದ ಬಾಕಿ ಉದ್ದಕ್ಕೂ ಇತ್ತು.

ಸೈನಿಕರನ್ನು ಕಳುಹಿಸಿದ ಬಗೆ

ಯುಗೊಸ್ಲಾವಿಯ ಒಡೆದು ಯುದ್ಧ ಆರಂಭವಾದಾಗ ವಿಶ್ವಸಂಸ್ಥೆ ಅಲ್ಲಿಗೆ ಕಳುಹಿಸಿದ ಶಾಂತಿಪಾಲನಾ ಪಡೆಯ ಮೊದಲ ದಂಡನಾಯಕರು ಭಾರತದ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲೈಟ್ ಇನ್‌ಫೆಂಟ್ರಿಯ ಅಧಿಕಾರಿಯವರು. 1993ರ ಮಾರ್ಚ್‌ನಲ್ಲಿ ಆ ಹುದ್ದೆಯಿಂದ ಮರಳಿದರು. ಅದಾದ ಮುಂದಿನ ತಿಂಗಳು, ಏಪ್ರಿಲ್ 16ರಂದು, ಭದ್ರತಾ ಮಂಡಳಿ ತನ್ನ 819ನೇ ನಿರ್ಣಯದಲ್ಲಿ ಸ್ರೆಬ್ರೆನಿತ್ಸಾವನ್ನು ‘ಸುರಕ್ಷಿತ ಪ್ರದೇಶ’ವೆಂದು ಘೋಷಿಸಿತು. (ಕೋಕ್ ರಾಜೀನಾಮೆ ಕೊಟ್ಟ ದಿನಾಂಕವೂ ಏಪ್ರಿಲ್ 16 ಎಂಬುದು ಕಾಕತಾಳೀಯವೇ ಆದರೂ ಓದುವಾಗ ಕಣ್ಣಿಗೆ ಚುಚ್ಚುತ್ತದೆ.)

ಸುರಕ್ಷಿತ ಎಂದು ಕರೆದವರು ಸುರಕ್ಷತೆಗೆ ಬೇಕಾದ ಪಡೆಯನ್ನು ಕೊಡಲಿಲ್ಲ. ಬೋಸ್ನಿಯಾದಲ್ಲಿ ಹೀಗೆ ಘೋಷಿಸಿದ ಪ್ರದೇಶಗಳನ್ನು ನಿಜವಾಗಿ ಕಾಯಲು ಸುಮಾರು 34,000 ಹೆಚ್ಚುವರಿ ಸೈನಿಕರು ಬೇಕೆಂಬ ಅಂದಾಜು ವಿಶ್ವಸಂಸ್ಥೆಯ ಮುಂದಿತ್ತು. ಸದಸ್ಯ ರಾಷ್ಟ್ರಗಳು ಒಪ್ಪಿಕೊಂಡದ್ದು 7,600 ಸೈನಿಕರ ‘ಹಗುರ ಆಯ್ಕೆ’ಯನ್ನು. ಇರುವ ಪಡೆ ದಾಳಿಕೋರರನ್ನು ಹಿಂಜರಿಸಲಷ್ಟೇ ಸಾಕು, ಉಳಿದದ್ದನ್ನು ನ್ಯಾಟೊ ವಿಮಾನಗಳು ನೋಡಿಕೊಳ್ಳುತ್ತವೆ ಎಂಬ ಭರವಸೆಯ ಮೇಲೆ ಇಡೀ ಏರ್ಪಾಡು ನಿಂತಿತ್ತು.

ಅನೇಕ ದೇಶಗಳು ಹಿಂದೇಟು ಹಾಕುತ್ತಿದ್ದ ಈ ಕೆಲಸಕ್ಕೆ ನೆದರ್ಲೆಂಡ್ಸ್ ತಾನಾಗಿ ಮುಂದೆ ಬಂತು. ದೂರದರ್ಶನದಲ್ಲಿ ಬರುತ್ತಿದ್ದ ಬೋಸ್ನಿಯಾದ ಸೆರೆಶಿಬಿರಗಳ ಚಿತ್ರಗಳಿಂದ ಡಚ್ ಜನರ ಮನಸ್ಸು ಕಲಕಿತ್ತು. ಏನಾದರೂ ಮಾಡಲೇಬೇಕೆಂದು ಸಂಸತ್ತಿನ ಬಹುತೇಕ ಎಲ್ಲ ಪಕ್ಷಗಳೂ ಒತ್ತಾಯಿಸುತ್ತಿದ್ದವು. ಜೊತೆಗೆ, ಹೊಸದಾಗಿ ಕಟ್ಟುತ್ತಿದ್ದ ವಾಯುಸಂಚಾರಿ ದಳಕ್ಕೆ ಒಂದು ಕೆಲಸ ತೋರಿಸಬೇಕಿತ್ತು, ಜಗತ್ತಿನಲ್ಲಿ ದೇಶದ ವರ್ಚಸ್ಸೂ ಹೆಚ್ಚಬೇಕಿತ್ತು. ಆಗ ರಕ್ಷಣಾ ಸಚಿವರಾಗಿದ್ದವರು ಕೋಕ್ ಅವರ ಪಕ್ಷದವರೇ ಆದ ರೆಲುಸ್ ಟೆರ್ ಬೇಕ್; ಕೋಕ್ ಉಪಪ್ರಧಾನಿ. 1994ರ ಆರಂಭದಲ್ಲಿ ಮೊದಲ ಡಚ್ ಬೆಟಾಲಿಯನ್ ಕೆನಡಾದ ಪಡೆಯಿಂದ ಸ್ರೆಬ್ರೆನಿತ್ಸಾದ ಕಾವಲನ್ನು ವಹಿಸಿಕೊಂಡಿತು. ಈ ಪ್ರಕರಣದ ಬಗ್ಗೆ ಬರೆಯುವವರು 1995ರ ಪ್ರಧಾನಿಯನ್ನೇ ಗಮನಿಸುತ್ತಾರೆ. ನನಗೆ ಮಾತ್ರ 1993ರ ಉಪಪ್ರಧಾನಿಯೂ ಅಷ್ಟೇ ಮುಖ್ಯನೆನಿಸುತ್ತದೆ. ಸೈನಿಕರನ್ನು ಕಳುಹಿಸಲು ತೀರ್ಮಾನಿಸಿದ ಸಂಪುಟದಲ್ಲೂ, ಅವರು ಸೋತು ಮರಳಿದಾಗಿನ ಸಂಪುಟದಲ್ಲೂ ಕುಳಿತಿದ್ದ ಕೆಲವೇ ಕೆಲವರಲ್ಲಿ ಕೋಕ್ ಒಬ್ಬರು. ಅಭಿವೃದ್ಧಿ ಸಹಕಾರದ ಸಚಿವ ಯಾನ್ ಪ್ರಾಂಕ್ ಇನ್ನೊಬ್ಬರು.

1995ರ ಜುಲೈ

ದಾಳಿ ಆರಂಭವಾದದ್ದು ಜುಲೈ 6ರಂದು. ಡಚ್‌ಬ್ಯಾಟ್ ಎಂದು ಕರೆಯಲಾಗುತ್ತಿದ್ದ ಬೆಟಾಲಿಯನ್‌ನ ಮೂರನೇ ಸರದಿ ಆಗ ಅಲ್ಲಿತ್ತು. ನಾಯಕ ಲೆಫ್ಟಿನೆಂಟ್ ಕರ್ನಲ್ ತೋಮ್ ಕಾರೆಮಾನ್ಸ್. ರಜೆಗೆ ಹೋದ ಸೈನಿಕರನ್ನು ಸರ್ಬ್ ಪಡೆಗಳು ಮರಳಿ ಒಳಗೆ ಬಿಟ್ಟಿರಲಿಲ್ಲ, ಇಂಧನವನ್ನೂ ತಡೆದಿದ್ದವು. ಉಳಿದ ಸುಮಾರು 400 ಜನರ ಬಳಿ ಇದ್ದದ್ದು ಹಗುರ ಆಯುಧಗಳು. ಹೊರವಲಯದ ಕಾವಲು ಠಾಣೆಗಳು ಒಂದೊಂದಾಗಿ ಬಿದ್ದವು. ಅಲ್ಲಿದ್ದ ಡಚ್ ಸೈನಿಕರು ಒತ್ತೆಯಾಳುಗಳಾದರು. ಹಿಂದೆ ಸರಿಯುತ್ತಿದ್ದ ಒಂದು ವಾಹನದ ಮೇಲೆ, ತಮ್ಮನ್ನು ಬಿಟ್ಟುಹೋಗಬೇಡಿರೆಂದು ತಡೆಯುತ್ತಿದ್ದ ಬೋಸ್ನಿಯನ್ ಮುಸ್ಲಿಂ ಹೋರಾಟಗಾರರ ಕಡೆಯಿಂದಲೇ ಗ್ರೆನೇಡ್ ಬಿದ್ದು ಒಬ್ಬ ಡಚ್ ಸೈನಿಕ ಸತ್ತ. ಕಾರೆಮಾನ್ಸ್ ವಾಯುಬೆಂಬಲಕ್ಕಾಗಿ ಮತ್ತೆ ಮತ್ತೆ ಕೇಳಿದರು. ಅದು ಬಂದದ್ದು ಜುಲೈ 11ರ ಮಧ್ಯಾಹ್ನ, ಎರಡು ಡಚ್ ಎಫ್-16 ವಿಮಾನಗಳ ರೂಪದಲ್ಲಿ. ವಾಯುದಾಳಿ ನಿಲ್ಲದಿದ್ದರೆ ಒತ್ತೆಯಾಳುಗಳನ್ನು ಕೊಲ್ಲುವುದಾಗಿಯೂ, ಪಟ್ಟಣದ ಹೊರಗೆ ಪೊಟೊಚಾರಿ ಎಂಬಲ್ಲಿ ನಿರಾಶ್ರಿತರಿಂದ ತುಂಬಿದ್ದ ಡಚ್ ನೆಲೆಯ ಮೇಲೆ ಶೆಲ್ ಹಾರಿಸುವುದಾಗಿಯೂ ಸರ್ಬ್ ಪಡೆ ಬೆದರಿಸಿದಾಗ, ಹೇಗ್‌ನಿಂದ ರಕ್ಷಣಾ ಸಚಿವ ಯೋರಿಸ್ ಫೋರ್ಹೂವ ಅದನ್ನು ನಿಲ್ಲಿಸುವಂತೆ ಒತ್ತಾಯಿಸಿದರು. ಪಟ್ಟಣ ಅಂದೇ ಬೋಸ್ನಿಯನ್ ಸರ್ಬ್ ಪಡೆಗಳ ದಂಡನಾಯಕ ರಾಟ್ಕೊ ಮ್ಲಾಡಿಚ್ ಅವರ ಕೈಸೇರಿತು.

ಮುಂದಿನ ಎರಡು ದಿನಗಳಲ್ಲಿ ನಡೆದದ್ದೇ ಡಚ್ ಜನರನ್ನು ಇಂದಿಗೂ ಕಾಡುವ ಭಾಗ. ಪೊಟೊಚಾರಿಗೆ ಓಡಿಬಂದವರು 20,000ಕ್ಕೂ ಹೆಚ್ಚು. ನೆಲೆಯ ಬೇಲಿಯ ಒಳಗೆ ಜಾಗ ಸಿಕ್ಕಿದ್ದು 5,000ದಷ್ಟು ಜನಕ್ಕೆ. ಹೆಂಗಸರು ಮಕ್ಕಳನ್ನು ಬಸ್ಸುಗಳಿಗೆ ಹತ್ತಿಸಿ, ಗಂಡಸರನ್ನು ಬೇರೆ ಮಾಡುವ ಕೆಲಸ ಡಚ್ ಸೈನಿಕರ ಕಣ್ಣೆದುರಿಗೇ ನಡೆಯಿತು. ಜುಲೈ 13ರಂದು ಬೇಲಿಯ ಒಳಗಿದ್ದವರನ್ನೂ ಹೊರಗೆ ಕಳುಹಿಸಲಾಯಿತು; ಅವರಲ್ಲಿ ಸುಮಾರು 350 ಗಂಡಸರಿದ್ದರು. ಕಾಡಿನ ದಾರಿ ಹಿಡಿದು ತಪ್ಪಿಸಿಕೊಳ್ಳಲು ಹೊರಟಿದ್ದ ಸಾವಿರಾರು ಗಂಡಸರು ಅಲ್ಲಲ್ಲಿ ಸೆರೆಸಿಕ್ಕಿ ಗುಂಪುಗುಂಪಾಗಿ ಗುಂಡಿಗೆ ಬಲಿಯಾದರು. ಹಿಂದಿನ ಯುಗೊಸ್ಲಾವಿಯಕ್ಕಾಗಿ ಹೇಗ್‌ನಲ್ಲೇ ಸ್ಥಾಪಿಸಿದ ಅಂತಾರಾಷ್ಟ್ರೀಯ ನ್ಯಾಯಮಂಡಳಿ 2001ರಲ್ಲಿ ಇದನ್ನು ಜನಾಂಗಹತ್ಯೆಯೆಂದು ತೀರ್ಮಾನಿಸಿತು.

ಜುಲೈ 21ರಂದು ಡಚ್‌ಬ್ಯಾಟ್ ಸ್ರೆಬ್ರೆನಿತ್ಸಾ ಬಿಟ್ಟಿತು. ಝಾಗ್ರೆಬ್‌ನಲ್ಲಿ ಅವರನ್ನು ಬರಮಾಡಿಕೊಳ್ಳಲು ಕೋಕ್, ಫೋರ್ಹೂವ ಮತ್ತು ಯುವರಾಜ ವಿಲ್ಲೆಮ್-ಅಲೆಕ್ಸಾಂಡರ್ ಹೋದರು. ಅಲ್ಲಿ ವಾದ್ಯವೃಂದವಿತ್ತು, ಬಿಯರ್ ಇತ್ತು, ಸೈನಿಕರು ಕುಣಿದರು. ಸಾವಿನ ದವಡೆಯಿಂದ ಪಾರಾದ ಇಪ್ಪತ್ತರ ಹರೆಯದ ಹುಡುಗರು ಕುಣಿದದ್ದರಲ್ಲಿ ಆಶ್ಚರ್ಯವೇನಿಲ್ಲ, ಅವರನ್ನು ದೂಷಿಸಲು ನನ್ನಿಂದಾಗದು. ಆದರೆ ಮ್ಲಾಡಿಚ್ ಜೊತೆ ಗಾಜಿನ ಲೋಟ ಹಿಡಿದು ನಿಂತ ಕಾರೆಮಾನ್ಸ್ ಚಿತ್ರದ ಪಕ್ಕದಲ್ಲಿ ಈ ಕುಣಿತದ ಚಿತ್ರವೂ ಸೇರಿದ ಮೇಲೆ, ಡಚ್ ಸರ್ಕಾರ ಆಡುವ ಯಾವ ಮಾತಿಗೂ ಬೋಸ್ನಿಯಾದ ವಿಧವೆಯರ ಎದುರು ತೂಕ ಉಳಿಯಲಿಲ್ಲ.

ವರದಿ ಬರಲಿ

ಸಂಸದೀಯ ಪದ್ಧತಿಯಲ್ಲಿ ಇಂಥ ಸೋಲಿನ ಬೆನ್ನಲ್ಲೇ ರಕ್ಷಣಾ ಸಚಿವರಾದರೂ ಹೋಗುತ್ತಾರೆಂದು ನಿರೀಕ್ಷಿಸುತ್ತೇವೆ. ಯಾರೂ ಹೋಗಲಿಲ್ಲ. ಫೋರ್ಹೂವ ಉಳಿದರು, ಸೇನೆಯ ಮುಖ್ಯಸ್ಥರು ಉಳಿದರು, ಸಂಪುಟ ಅವಧಿ ಮುಗಿಸಿತು. ಸೈನಿಕನೊಬ್ಬ ತೆಗೆದ ಚಿತ್ರಗಳ ಸುರುಳಿ ಸೇನೆಯ ಪ್ರಯೋಗಾಲಯದಲ್ಲೇ ಹಾಳಾದ ಸುದ್ದಿ, ಸೈನಿಕರು ಕಂಡದ್ದನ್ನು ಮೇಲಧಿಕಾರಿಗಳು ಸಚಿವರಿಗೆ ಪೂರ್ತಿಯಾಗಿ ತಿಳಿಸಲಿಲ್ಲವೆಂಬ ಆಕ್ಷೇಪ, ಹೀಗೆ ಒಂದಾದ ಮೇಲೊಂದು ಬರುತ್ತಲೇ ಇತ್ತು. 1996ರಲ್ಲಿ ಸರ್ಕಾರ ಇಡೀ ವಿಷಯವನ್ನು ನಿಯೋಡ್ ಎಂದು ಕರೆಯಲಾಗುವ ಯುದ್ಧ ದಾಖಲೆಗಳ ಸಂಸ್ಥೆಗೆ ಒಪ್ಪಿಸಿತು. ಎರಡನೇ ಮಹಾಯುದ್ಧದ ಡಚ್ ಇತಿಹಾಸವನ್ನು ಬರೆದು ಹೆಸರಾದ ಸಂಸ್ಥೆ ಅದು. ಅದರ ಪ್ರಾಮಾಣಿಕತೆಯ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ. ಆದರೆ ಇತಿಹಾಸಕಾರರು ಇತಿಹಾಸಕಾರರ ವೇಗದಲ್ಲಿ ಕೆಲಸ ಮಾಡುತ್ತಾರೆ. ಐದು ವರ್ಷಕ್ಕೂ ಹೆಚ್ಚು ಕಾಲ, ಸಂಸತ್ತಿನಲ್ಲಿ ಯಾರು ಏನು ಕೇಳಿದರೂ, ವರದಿ ಬರಲಿ ಎಂಬುದೇ ಸರ್ಕಾರದ ಉತ್ತರವಾಗಿತ್ತು. ಈ ನಡುವೆ ವಿಶ್ವಸಂಸ್ಥೆಯೇ 1999ರ ನವೆಂಬರ್‌ನಲ್ಲಿ ತನ್ನ ವೈಫಲ್ಯವನ್ನು ಒಪ್ಪಿಕೊಂಡ ವರದಿಯನ್ನು ಹೊರತಂದಿತು. ಫ್ರಾನ್ಸಿನ ಸಂಸದರೂ ತಮ್ಮ ವಿಚಾರಣೆ ಮುಗಿಸಿದರು.

ಕೋಕ್ ಬೇಕೆಂದೇ ಕಾಲ ತಳ್ಳಿದರೆಂದು ಹೇಳಲು ಆಧಾರ ಸಾಲದು. ಸಮಿತಿ, ವರದಿ, ಚರ್ಚೆ, ನಂತರ ಒಮ್ಮತ ಎಂಬ ಕ್ರಮ ಅವರಿಗೆ ತೋರಿಕೆಯ ತಂತ್ರವಲ್ಲ, ಅದು ಅವರ ಸ್ವಭಾವ. ವಾಸೆನಾರ್‌ನಲ್ಲಿ ಫಲ ಕೊಟ್ಟದ್ದು ಅದೇ ಸ್ವಭಾವ. ಆದರೆ ವೇತನದ ಪ್ರಶ್ನೆಯಲ್ಲಿ ಮೇಜಿನ ಎರಡೂ ಬದಿಯವರು ಎದುರುಬದುರು ಕುಳಿತಿದ್ದರು. ಇಲ್ಲಿ ಮೇಜಿನ ಒಂದು ಬದಿಯವರು ಸಾಮೂಹಿಕ ಸಮಾಧಿಗಳಲ್ಲಿದ್ದರು. ಉಳಿದವರು ಬೋಸ್ನಿಯಾದ ನಿರಾಶ್ರಿತರ ವಸತಿಗಳಲ್ಲಿ ತಮ್ಮವರ ಎಲುಬುಗಳ ಗುರುತಿಗಾಗಿ ಕಾಯುತ್ತಿದ್ದರು. ಒಮ್ಮತ ಯಾರೊಡನೆ ಆಗಬೇಕು?

ಆರು ದಿನ

2002ರ ಏಪ್ರಿಲ್ 10ರಂದು ನಿಯೋಡ್ ತನ್ನ ಸಾವಿರಾರು ಪುಟಗಳ ವರದಿಯನ್ನು ಒಪ್ಪಿಸಿತು. ಅದರ ನಿರ್ಣಯ ಹೀಗಿತ್ತು: ಕೊಲೆಗಳ ಅಪರಾಧ ಮ್ಲಾಡಿಚ್ ಮತ್ತು ಅವರ ಪಡೆಗಳದ್ದು. ಆ ಪರಿಸ್ಥಿತಿಯಲ್ಲಿ ಡಚ್‌ಬ್ಯಾಟ್ ಪಟ್ಟಣವನ್ನು ಉಳಿಸುವುದು ಸಾಧ್ಯವಿರಲಿಲ್ಲ. ಆದರೆ ಅವರನ್ನು ಅಲ್ಲಿಗೆ ಕಳುಹಿಸಿದ ತೀರ್ಮಾನ ಸರಿಯಾಗಿ ಯೋಚಿಸಿ ಕೈಗೊಂಡದ್ದಲ್ಲ. ಆದೇಶ ಅಸ್ಪಷ್ಟ, ಸಾಧನ ಸಾಲದು, ಹೊರಬರುವ ದಾರಿಯ ಯೋಜನೆ ಇಲ್ಲ, ಮಾನವೀಯ ಕಳಕಳಿಯ ಜೊತೆ ವರ್ಚಸ್ಸಿನ ಹಂಬಲವೂ ಬೆರೆತಿತ್ತು. ಸೇನೆಯ ಮೇಲಧಿಕಾರಿಗಳು ಸಚಿವರಿಗೆ ಮಾಹಿತಿ ಕೊಡುವುದರಲ್ಲಿ ಹಿಂದೆ ಬಿದ್ದಿದ್ದರು. ಬದುಕುಳಿದವರ ಪ್ರತಿನಿಧಿಗಳಿಗೆ ಈ ವರದಿ ಸೈನಿಕರ ಮೇಲಿನ ಕಲೆಯನ್ನು ತೊಳೆಯುವ ಪ್ರಯತ್ನವಾಗಿ ಕಂಡಿತು.

ಯಾರು ರಾಜೀನಾಮೆ ಕೊಡಬೇಕೆಂದು ವರದಿ ಹೇಳಿರಲಿಲ್ಲ, ಹೇಳುವುದು ಅದರ ಕೆಲಸವೂ ಆಗಿರಲಿಲ್ಲ. ಒತ್ತಡ ಬಂದದ್ದು ಸಂಪುಟದ ಒಳಗಿನಿಂದ. ಆಗ ಪರಿಸರ ಸಚಿವರಾಗಿದ್ದ ಪ್ರಾಂಕ್, 1995ರ ಜುಲೈನಲ್ಲೇ ಬೋಸ್ನಿಯಾದಿಂದ ಮರಳಿ ಅಲ್ಲಿ ನಡೆದದ್ದು ಜನಾಂಗಹತ್ಯೆ ಎಂದು ಬಹಿರಂಗವಾಗಿ ಹೇಳಿದ್ದವರು. ಈಗ ತಾವು ಹೋಗುವುದು ಖಚಿತವೆಂಬ ಸೂಚನೆ ಕೊಟ್ಟರು. ರಕ್ಷಣಾ ಸಚಿವ ಫ್ರಾಂಕ್ ಡೆ ಗ್ರಾವೆ ಅವರೂ ಅದೇ ದಾರಿಯಲ್ಲಿದ್ದರು. ಒಬ್ಬಿಬ್ಬರು ಹೋಗಿ ಉಳಿದವರು ಉಳಿದರೆ, ಹೋದವರು ಹೊಣೆಗಾರರು, ಉಳಿದವರು ನಿರ್ದೋಷಿಗಳು ಎಂಬ ಅರ್ಥ ತಾನಾಗಿ ಬರುತ್ತಿತ್ತು. ಎರಡೂ ಸಂಪುಟಗಳಲ್ಲಿ ಕುಳಿತಿದ್ದ ಪ್ರಧಾನಿಗೆ ಆ ಅರ್ಥದೊಳಗೆ ಅಡಗಿ ಕೂರುವುದು ಸಾಧ್ಯವಿರಲಿಲ್ಲ. 16ರ ಸಂಪುಟ ಸಭೆಯಲ್ಲಿ ಎಲ್ಲರೂ ಒಟ್ಟಿಗೆ ಹೋಗುವ ತೀರ್ಮಾನವಾಯಿತು. ಮರುದಿನ ಭೂಸೇನೆಯ ಮುಖ್ಯಸ್ಥ ಆಡ್ ಫಾನ್ ಬಾಲ್ ಕೂಡ ಹುದ್ದೆ ತೊರೆದರು.

ಸಂಸತ್ತಿನಲ್ಲಿ ಕೋಕ್ ಕೊಟ್ಟ ವಿವರಣೆ ಚಿಕ್ಕದು, ಆದರೆ ಅದರ ತರ್ಕ ಬಿಗಿಯಾದದ್ದು. ಸ್ರೆಬ್ರೆನಿತ್ಸಾದ ಜನರನ್ನು ಕಾಯುವುದಾಗಿ ಮಾತು ಕೊಟ್ಟದ್ದು ‘ಅಂತಾರಾಷ್ಟ್ರೀಯ ಸಮುದಾಯ’, ಅದು ಸೋತಿತು. ಆ ಸಮುದಾಯಕ್ಕೆ ಮುಖವಿಲ್ಲ, ಹೆಸರಿಲ್ಲ, ಸತ್ತವರಿಗೂ ಉಳಿದವರಿಗೂ ಕಾಣುವಂತೆ ಹೊಣೆ ಹೊರುವುದು ಅದರಿಂದ ಆಗದು. ತಮ್ಮಿಂದ ಆಗುತ್ತದೆ, ಅದನ್ನು ತಾವು ಮಾಡುತ್ತಿದ್ದೇವೆ. ಹಾಗೆಂದ ಮಾತ್ರಕ್ಕೆ ಸಾವಿರಾರು ಜನರ ಕೊಲೆಯ ತಪ್ಪನ್ನು ನೆದರ್ಲೆಂಡ್ಸ್ ತನ್ನ ಮೇಲೆ ಎಳೆದುಕೊಂಡಂತಲ್ಲ. ಕನ್ನಡದ ಹಳೆಯ ಅರ್ಥದ ಹೊಣೆ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಸಿಕ್ಕೀತು? ಸಾಲಗಾರ ಓಡಿಹೋಗಿದ್ದಾನೆ, ಜಾಮೀನು ನಿಂತವನು ಬಾಗಿಲು ತೆರೆದಿದ್ದಾನೆ.

ಆಕ್ಷೇಪಗಳು ಕೂಡಲೇ ಬಂದವು. ಹೇಗಿದ್ದರೂ ತಿಂಗಳೊಳಗೆ ಹೋಗುವ ಸಂಪುಟ ಹೋಗಿದೆ; ರಾಜೀನಾಮೆ ಕೊಟ್ಟ ಮೇಲೂ ಹೊಸ ಸರ್ಕಾರ ಬರುವತನಕ ಅವರೇ ಉಸ್ತುವಾರಿ ನೋಡಿಕೊಳ್ಳುತ್ತಾರೆ; ತೆತ್ತ ಬೆಲೆಯಾದರೂ ಏನು? ಈ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. 1995ರಲ್ಲಿ ಮಾಡಿದ್ದರೆ ಇದೇ ರಾಜೀನಾಮೆಗೆ ಬೆಲೆಯಿರುತ್ತಿತ್ತು, ಕೋಕ್ ಅವರಿಗೆ ನಷ್ಟವೂ ಇರುತ್ತಿತ್ತು. ಆದರೂ ಒಂದು ಮಾತನ್ನು ಗಮನಿಸಬೇಕು. ಬೋಸ್ನಿಯಾದ ನೀತಿಯನ್ನು ರೂಪಿಸಿದ ಹೆಚ್ಚು ಬಲಶಾಲಿ ರಾಷ್ಟ್ರಗಳಿದ್ದವು, ವಿಶ್ವಸಂಸ್ಥೆಯ ದೊಡ್ಡ ದೊಡ್ಡ ಅಧಿಕಾರಿಗಳಿದ್ದರು. ಸ್ರೆಬ್ರೆನಿತ್ಸಾದ ಹೆಸರು ಹೇಳಿ ಅಧಿಕಾರ ಬಿಟ್ಟ ಸರ್ಕಾರ ಇದೊಂದೇ. ತಡವಾಗಿ ತೆರೆದ ಬಾಗಿಲು ಎಂದು ಬೇಕಾದರೆ ಹೇಳೋಣ. ಉಳಿದವರು ತೆರೆಯಲೇ ಇಲ್ಲ.

ಚುನಾವಣೆಯ ಕಥೆ ಬೇರೆಯದೇ ಆಯಿತು. ವಲಸೆ ಮತ್ತು ಸಾರ್ವಜನಿಕ ಸೇವೆಗಳ ವಿಷಯ ಹಿಡಿದು ನೇರಳೆ ಸಂಪುಟವನ್ನು ಝಾಡಿಸುತ್ತಿದ್ದ ಪಿಮ್ ಫೋರ್ಟೌನ್ ಮೇ 6ರಂದು ಹಿಲ್ವರ್ಸಮ್‌ನಲ್ಲಿ ಗುಂಡೇಟಿಗೆ ಬಲಿಯಾದರು. ಮೇ 15ರ ಮತದಾನದಲ್ಲಿ ಅವರ ಪಕ್ಷ 26 ಸ್ಥಾನ ಗೆದ್ದಿತು. ಕೋಕ್ ಉತ್ತರಾಧಿಕಾರಿ ಆಡ್ ಮೆಲ್ಕರ್ಟ್ ಮುನ್ನಡೆಸಿದ ಲೇಬರ್ ಪಕ್ಷ 45ರಿಂದ 23ಕ್ಕೆ ಬಿತ್ತು. ಇದಕ್ಕೆ ಸ್ರೆಬ್ರೆನಿತ್ಸಾ ಕಾರಣವೆನ್ನಲಾಗದು. ಮತದಾರರು ಆ ವಸಂತದಲ್ಲಿ ಬೋಸ್ನಿಯಾದ ಬಗ್ಗೆ ಯೋಚಿಸುತ್ತಿರಲಿಲ್ಲ ಎಂಬುದೇ ಸತ್ಯಕ್ಕೆ ಹತ್ತಿರ. ಜುಲೈ 22ರಂದು ಯಾನ್ ಪೀಟರ್ ಬಾಲ್ಕೆನೆಂಡೆ ಪ್ರಧಾನಿಯಾದರು.

ಹತ್ತನೇ ಒಂದು ಪಾಲು

ನಿವೃತ್ತಿಯ ನಂತರ ಕೋಕ್ ಗೌರವಾರ್ಥದ ರಾಜ್ಯ ಸಚಿವ ಪದವಿ ಪಡೆದರು, ಯುರೋಪಿಯನ್ ಒಕ್ಕೂಟದ ಆರ್ಥಿಕ ಕಾರ್ಯಯೋಜನೆಯನ್ನು ಪರಿಶೀಲಿಸುವ ಉನ್ನತ ಸಮಿತಿಗೆ ಅಧ್ಯಕ್ಷರಾದರು, ಐಎನ್‌ಜಿ ಬ್ಯಾಂಕ್ ಮತ್ತು ಶೆಲ್‌ನಂಥ ಕಂಪನಿಗಳ ಮಂಡಳಿಗಳಲ್ಲಿ ಕುಳಿತರು. ಕಂಪನಿ ಮುಖ್ಯಸ್ಥರ ಸಂಬಳವನ್ನು ಪ್ರಧಾನಿಯಾಗಿದ್ದಾಗ ನಾಚಿಕೆಗೆಟ್ಟ ಪ್ರದರ್ಶನವೆಂಬಂತೆ ಟೀಕಿಸಿದ್ದವರು ಈಗ ಅಂಥದೇ ಹೆಚ್ಚಳಕ್ಕೆ ಒಪ್ಪಿಗೆ ಕೊಟ್ಟರೆಂದು ಜನ ಆಡಿಕೊಂಡರು. ಇದೂ ಅವರ ಬದುಕಿನ ಭಾಗವೇ. ಈ ಪ್ರಕರಣಕ್ಕೆ ಸಂಬಂಧಿಸಿದ್ದಲ್ಲವಾದ್ದರಿಂದ ಬಿಡುತ್ತೇನೆ.

ಸಂಬಂಧಿಸಿದ್ದು ನ್ಯಾಯಾಲಯಗಳಲ್ಲಿ ನಡೆಯಿತು. ಕೊಲೆಯಾದವರ ಮನೆಯವರು ಡಚ್ ಸರ್ಕಾರದ ಮೇಲೆ ಹೂಡಿದ ಮೊಕದ್ದಮೆಗಳಲ್ಲಿ ಸರ್ಕಾರದ ವಾದ ಕೋಕ್ ಅವರ ತರ್ಕದ ಮುಂದುವರಿಕೆಯೇ ಆಗಿತ್ತು: ಸೈನಿಕರು ವಿಶ್ವಸಂಸ್ಥೆಯ ಅಧೀನದಲ್ಲಿದ್ದರು, ಆದ್ದರಿಂದ ಕೇಳುವುದಿದ್ದರೆ ವಿಶ್ವಸಂಸ್ಥೆಯನ್ನು ಕೇಳಿ. ವಿಶ್ವಸಂಸ್ಥೆಗೆ ಕಾನೂನಿನ ರಕ್ಷಾಕವಚವಿದೆ, ಅದನ್ನು ಕೋರ್ಟಿಗೆ ಎಳೆಯಲಾಗದು. ಅಂದರೆ ಸಂಸತ್ತಿನಲ್ಲಿ ಹೊಣೆ ಹೊತ್ತ ಸರ್ಕಾರವೇ ನ್ಯಾಯಾಲಯದಲ್ಲಿ ಸಾಲಗಾರನ ಮನೆಯ ದಾರಿ ತೋರಿಸುತ್ತಿತ್ತು, ಆ ಮನೆಗೆ ಬೀಗ ಬಿದ್ದಿದೆಯೆಂದು ಚೆನ್ನಾಗಿ ಗೊತ್ತಿದ್ದೂ. 2013ರ ಸೆಪ್ಟೆಂಬರ್‌ನಲ್ಲಿ ನೆದರ್ಲೆಂಡ್ಸ್‌ನ ಸುಪ್ರೀಂ ಕೋರ್ಟ್ ಈ ವಾದವನ್ನು ಒಪ್ಪಲಿಲ್ಲ. ಪಟ್ಟಣ ಬಿದ್ದ ಮೇಲೆ ನೆಲೆಯ ಒಳಗೆ ನಡೆದದ್ದರ ಮೇಲೆ ಡಚ್ ಸರ್ಕಾರದ ಹಿಡಿತವೂ ಇತ್ತು. ನೆಲೆಯಿಂದ ಹೊರಗೆ ಕಳುಹಿಸಲ್ಪಟ್ಟ ಮೂವರು ಗಂಡಸರ ಸಾವಿಗೆ ಡಚ್ ರಾಜ್ಯ ಉತ್ತರಿಸಬೇಕು ಎಂದಿತು.

‘ಸ್ರೆಬ್ರೆನಿತ್ಸಾದ ತಾಯಂದಿರು’ ಎಂಬ ಸಂಘಟನೆ ಹೂಡಿದ ದೊಡ್ಡ ಮೊಕದ್ದಮೆಯ ಅಂತಿಮ ತೀರ್ಪು 2019ರ ಜುಲೈ 19ರಂದು ಬಂತು. ಜುಲೈ 13ರಂದು ಬೇಲಿಯ ಹೊರಗೆ ಹೋದ ಆ 350 ಗಂಡಸರಿಗೆ, ಒಳಗೇ ಉಳಿಯುವ ಆಯ್ಕೆ ಕೊಟ್ಟಿದ್ದರೆ ಬದುಕುವ ಸಾಧ್ಯತೆ ಎಷ್ಟಿತ್ತೆಂದು ನ್ಯಾಯಾಧೀಶರು ಅಳೆದರು. ಮೇಲ್ಮನವಿ ನ್ಯಾಯಾಲಯ ಅದನ್ನು ಶೇ 30 ಎಂದಿತ್ತು. ಸುಪ್ರೀಂ ಕೋರ್ಟ್ ಶೇ 10ಕ್ಕೆ ಇಳಿಸಿತು. ಮನೆಯವರ ನಷ್ಟದ ಹತ್ತನೇ ಒಂದು ಪಾಲಿಗೆ ಡಚ್ ರಾಜ್ಯ ಬಾಧ್ಯ. ಮನುಷ್ಯನ ಜೀವವನ್ನು ಹೀಗೆ ಶೇಕಡಾವಾರು ಅಳೆಯುವುದು ಓದುವವರಿಗೆ ಕ್ರೂರವೆನಿಸಬಹುದು, ತಾಯಂದಿರಿಗೂ ಹಾಗೆಯೇ ಅನಿಸಿತು. ಆದರೆ ಈ ಅಧ್ಯಯನದ ಪ್ರಶ್ನೆಗೆ ದೊರೆತ ಕಾನೂನಿನ ಉತ್ತರ ಅದೇ. 2002ರಲ್ಲಿ ಕೋಕ್ ಎಳೆದಿದ್ದ ಗೆರೆ ಪೂರ್ತಿ ತಪ್ಪಾಗಿರಲಿಲ್ಲ, ಪೂರ್ತಿ ಸರಿಯೂ ಆಗಿರಲಿಲ್ಲ. ಒಂಬತ್ತು ಪಾಲಿಗೆ ಅವರ ದೇಶ ಜಾಮೀನುದಾರನೂ ಅಲ್ಲ ಎಂದ ನ್ಯಾಯಾಲಯ, ಒಂದು ಪಾಲಿಗೆ ಅದೇ ಸಾಲಗಾರ ಎಂದಿತು.

ಈ ತೀರ್ಪನ್ನು ನೋಡಲು ಕೋಕ್ ಇರಲಿಲ್ಲ. 2018ರ ಅಕ್ಟೋಬರ್ 20ರಂದು, 80ನೇ ವಯಸ್ಸಿನಲ್ಲಿ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೀರಿಕೊಂಡಿದ್ದರು. 2022ರ ಜೂನ್‌ನಲ್ಲಿ ಪ್ರಧಾನಿ ಮಾರ್ಕ್ ರುಟ್ಟೆ ಡಚ್‌ಬ್ಯಾಟ್‌ನ ಮಾಜಿ ಸೈನಿಕರನ್ನು ಕರೆಸಿ, ಅಸಾಧ್ಯವಾದ ಕೆಲಸಕ್ಕೆ ಅವರನ್ನು ಕಳುಹಿಸಿದ್ದಕ್ಕಾಗಿ, ನಂತರ ಅವರ ಬೆನ್ನಿಗೆ ನಿಲ್ಲದಿದ್ದುದಕ್ಕಾಗಿ ರಾಜ್ಯದ ಪರವಾಗಿ ಕ್ಷಮೆ ಕೇಳಿದರು. ಮೂರು ವಾರಗಳ ನಂತರ, ಜುಲೈ 11ರಂದು, ರಕ್ಷಣಾ ಸಚಿವೆ ಕಾಯ್ಸಾ ಒಲೊಂಗ್ರೆನ್ ಪೊಟೊಚಾರಿಯ ಸ್ಮಾರಕದಲ್ಲಿ ನಿಂತು ಸತ್ತವರ ಮನೆಯವರ ಕ್ಷಮೆ ಕೇಳಿದರು. ಡಚ್‌ಬ್ಯಾಟ್‌ನ ನೆಲೆಯಿದ್ದ ಹಳೆಯ ಕಾರ್ಖಾನೆ ಆ ಸ್ಮಾರಕದ ರಸ್ತೆಯಾಚೆಗೇ ಇದೆ.